ಗಾಳಿ ಬೋರ್ಡ್ ಬಂದ್ ಮಾಡೋದಲ್ಲ, ಎಲ್ಲಿ ಇಳಿಸ್ಬೇಕು ಅಂತ ಹೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಈಚೆಗೆ ಹಿರಿಯರೊಬ್ರು ಬರೆದಿದ್ರು, ಬೆಂಗಳೂರು ಕಡೆಯಿಂದ ಹುಡುಗರು ಬೆನ್ನಿಗೆ ದೊಡ್ಡ ಬ್ಯಾಗ್ ಹಾಕ್ಕೊಂಡು ಬರ್ತಾರೆ, ಹೊಳೆ ದಂಡೇಲಿ ಪಂಪ್ ಹೊಡೆದು ಪ್ಲಾಸ್ಟಿಕ್ ಹಲಗೆ ಮಾಡ್ಕೊಂಡು ಅದರ ಮೇಲೆ ನಿಂತ್ಕೊಂಡು ಹೋಗ್ತಾರೆ, ರಾತ್ರಿ ಅಲ್ಲೇ ಟೆಂಟ್ ಹಾಕ್ತಾರೆ, ಇದನ್ನ ಕೊಡಗಲ್ಲಿ ಪೂರ್ತಿ ಬಂದ್ ಮಾಡ್ಬೇಕು ಅಂತ. ಅವರ ಸಿಟ್ಟು ನಂಗೆ ಅರ್ಥ ಆಗತ್ತೆ, ನಮ್ಮ ದಂಡೇಲೂ ಬಿಯರ್ ಬಾಟ್ಲಿ ಒಡೆದು ಹೋಗಿದಾರೆ, ಹಸು ಕಾಲು ಕೊಯ್ಕೊಂಡಿದೆ. ಆದ್ರೆ ನಾನೂ ಅಂಥದ್ದೇ ಒಂದು ಬೋರ್ಡ್ ಇಟ್ಕೊಂಡಿರೋನು. ಸಿದ್ದಾಪುರದ ಕಡೆ ಕಾವೇರಿ ಪಕ್ಕ ಸಣ್ಣ ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ. ಹಾಗಾಗಿ ಎರಡೂ ಕಡೆ ಗೊತ್ತಿರೋನಾಗಿ ಬರೀತಿದೀನಿ, ಪತ್ರ ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಆದ್ರೆ ದಯವಿಟ್ಟು ಕಾಲಿನ ಹಗ್ಗದ ವಿಷಯ ಮಾತ್ರ ಕತ್ತರಿಸ್ಬೇಡಿ.

ಮೊದಲು ಇದು ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಸುಮಾರು ಜನ ಇದನ್ನ ಈಜುಕೊಳದಲ್ಲಿ ಮಕ್ಕಳು ತೇಲಿಸೋ ಗಾಳಿ ಬೆಡ್ ಅನ್ಕೊಂಡಿದಾರೆ. ಅಲ್ಲ. ಸ್ಟ್ಯಾಂಡಪ್ ಪ್ಯಾಡಲ್ ಬೋರ್ಡ್ ಅಂದ್ರೆ ಸುಮಾರು ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, 6 ಇಂಚು ದಪ್ಪ. ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಸಾವಿರಾರು ದಾರ ಕೂಡಿಸಿ ನೇಯ್ದಿರ್ತಾರೆ, ನಮ್ಮಜ್ಜಿ ಕೌದಿ ಹೊಲಿದ ಹಾಗೆ ಎರಡು ಪದರ ಬಿಟ್ಕೊಳ್ಳದೆ ಹಿಡ್ಕೊಂಡಿರತ್ತೆ, ಅದಕ್ಕೇ ಗಾಳಿ ತುಂಬಿದ್ರೆ ಬಲೂನಿನ ಹಾಗೆ ಉಬ್ಬದೆ ಚಪ್ಪಟೆ ಹಲಗೆನೇ ಆಗತ್ತೆ. ಇದಕ್ಕೆ ಡ್ರಾಪ್ ಸ್ಟಿಚ್ ಅಂತಾರೆ. ಇದು ಹೊಸದೇನೂ ಅಲ್ಲ, 1956ರಲ್ಲಿ ಅಮೆರಿಕದ ಗುಡ್‌ಇಯರ್ ಟೈರ್ ಕಂಪನಿಯೋರು ಇದೇ ತರದ ಬಟ್ಟೆಲಿ ಗಾಳಿ ತುಂಬೋ ವಿಮಾನನೇ ಮಾಡಿ ಹಾರಿಸಿದ್ರು. ಬೋರ್ಡಿಗೆ 12ರಿಂದ 15 ಪಿಎಸ್‌ಐ ಒತ್ತಡದ ಗಾಳಿ ಬೇಕು, ಕಾರ್ ಟೈರಿಗೆ ಹಾಕೋದರ ಅರ್ಧ. ಅಷ್ಟು ತುಂಬಿದ ಮೇಲೆ ಅದರ ಮೇಲೆ ಒಬ್ಬ ದಪ್ಪ ಮನುಷ್ಯ ಕುಣಿದ್ರೂ ಮಧ್ಯ ಬಗ್ಗಲ್ಲ. ಗಾಳಿ ಬಿಟ್ರೆ ಚಾಪೆ ಸುತ್ತಿದ ಹಾಗೆ ಸುತ್ತಿ ಬ್ಯಾಗಿಗೆ ಹಾಕ್ಬಹುದು.

ಅನುಕೂಲನೂ ಇದೇ, ತೊಂದರೆನೂ ಇದೇ. ರ‍್ಯಾಫ್ಟ್ ಆದ್ರೆ ಜೀಪಲ್ಲಿ ಬರ್ಬೇಕು, ಗೈಡ್ ಇರ್ತಾನೆ, ದುಬಾರೆಲಾಗಲಿ ಬರಪೊಳೆಲಾಗಲಿ ಒಂದು ಜಾಗ ಅಂತಿರತ್ತೆ, ಲೈಫ್ ಜಾಕೆಟ್ ಹಾಕದೆ ಹತ್ತಿಸಲ್ಲ. ಈ ಬೋರ್ಡಿಗೆ ಗೇಟೇ ಇಲ್ಲ. ಮೈಸೂರು ತನಕ ಟ್ರೈನಲ್ಲಿ ಬಂದು, ಅಲ್ಲಿಂದ ಕೆಂಪು ಬಸ್ ಹತ್ತಿ ಕುಶಾಲನಗರದಲ್ಲಿ ಇಳಿದು, ಆಟೋದವನಿಗೆ ಹೊಳೆ ಹತ್ರ ಬಿಡಪ್ಪ ಅಂದ್ರೆ ಮುಗೀತು, ಅರ್ಧ ಗಂಟೆಲಿ ನೀರಿನ ಮೇಲೆ ಇರ್ತಾರೆ. ಯಾರನ್ನ ತಡೀತೀರಿ, ಎಲ್ಲಿ ತಡೀತೀರಿ? ಕಾವೇರಿ ದಂಡೆಗೆ ಇಳಿಯೋಕೆ ತೋಟದ ದಾರಿ, ದೇವಸ್ಥಾನದ ದಾರಿ, ಬಟ್ಟೆ ಒಗೆಯೋ ದಾರಿ ಅಂತ ನೂರು ದಾರಿ ಇದೆ. ಬಂದ್ ಅಂತ ಆರ್ಡರ್ ಹಾಕಿದ್ರೆ ದೊಡ್ಡ ಸೇತುವೆ ಹತ್ರ ಪೊಲೀಸ್ನೋರು ನಿಲ್ತಾರೆ, ಇವರು ಯಾರೂ ಇಲ್ಲದ ಒಳದಾರಿ ಹುಡುಕ್ಕೊಂಡು ಹೋಗ್ತಾರೆ, ಅಲ್ಲಿ ಏನಾದ್ರೂ ಆದ್ರೆ ಕೂಗಿದ್ರೂ ಕೇಳಲ್ಲ. ಅದಕ್ಕೇ ನಾನು ಹೇಳೋದು, ನಿಂತ ನೀರಲ್ಲಿ ಎರಡು ಮೂರು ಜಾಗ ಗುರುತು ಮಾಡಿ ಕೊಡಿ, ಹರಿಯೋ ಹೊಳೆಗೆ ಗೈಡ್ ಇಲ್ಲದೆ ಬಿಡ್ಬೇಡಿ. ಇಷ್ಟೇ ನನ್ನ ವಾದ, ಮಿಕ್ಕಿದ್ದೆಲ್ಲ ಯಾಕೆ ಅನ್ನೋದಕ್ಕೆ.

ಹೊಳೆ ಯಾಕೆ ಬೇಡ ಅಂದ್ರೆ, ನಮ್ಮ ಕಾವೇರಿ ಹುತ್ತರಿ ಹಬ್ಬ ಕಳೆದ ಮೇಲೆ ನೋಡೋಕೆ ಬಹಳ ಸಾಧು. ಜನವರಿ ಫೆಬ್ರವರಿಲಿ ಬೇತ್ರಿ ಸೇತುವೆ ಮೇಲೆ ನಿಂತು ನೋಡಿದ್ರೆ ಇದೇ ನೀರಾ ಆಗಸ್ಟಲ್ಲಿ ಹಂಗೆ ಬಂದಿದ್ದು ಅನ್ಸತ್ತೆ. ಆದ್ರೆ ನೀರು ಇಳಿದ ಹಾಗೆ ಬಂಡೆ ಮೇಲೆ ಬರತ್ತೆ, ಅರ್ಧ ಮುಳುಗಿರೋ ಬಂಡೆ ಕಾಣ್ಸಲ್ಲ. ಬೋರ್ಡಿನ ಹಿಂದೆ ಕೆಳಗಡೆ ಒಂದು ರೆಕ್ಕೆ ಇರತ್ತೆ, ಫಿನ್ ಅಂತಾರೆ, ಸಾಮಾನ್ಯವಾಗಿ 9 ಇಂಚಿಂದು, ಬೋರ್ಡ್ ನೇರ ಹೋಗೋಕೆ. ಅದು ಬಂಡೆಗೆ ತಗುಲಿದ್ರೆ ಬೋರ್ಡ್ ಅಲ್ಲೇ ನಿಲ್ಲತ್ತೆ, ಮೇಲಿರೋನು ನಿಲ್ಲಲ್ಲ, ಮುಖ ಅಡಿಯಾಗಿ ಮುಂದಿನ ಬಂಡೆ ಮೇಲೆ ಬೀಳ್ತಾನೆ. ಬಂಡೆ ಇರೋ ಕಡೆ ಗಿಡ್ಡ, ಬಗ್ಗೋ ರಬ್ಬರ್ ಫಿನ್ ಹಾಕ್ಬೇಕು, ಬೋರ್ಡ್ ಜೊತೆ ಬರೋ ಉದ್ದದ ಫಿನ್ ಸಮುದ್ರಕ್ಕೆ, ಕೆರೆಗೆ.

ಬಂಡೆಗಿಂತ ಕೆಟ್ಟದ್ದು ಬಿದಿರು ಮೆಳೆ. 2018ರಲ್ಲಿ, 2019ರಲ್ಲಿ ಬಂದ ನೆರೆಗೆ ದಂಡೆ ಕುಸಿದು ಎಷ್ಟೋ ಮರ, ಬಿದಿರು ಹೊಳೆಗೆ ಬಿತ್ತು, ಕರಡಿಗೋಡು ನೆಲ್ಯಹುದಿಕೇರಿ ಕಡೆಯೋರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ, ಮನೆನೇ ಹೋದೋರಿದಾರೆ. ಈಗ್ಲೂ ಪ್ರತಿ ಮಳೆಗಾಲ ಹೊಸ ಮರ ಬೀಳತ್ತೆ. ನೀರು ಆ ಕೊಂಬೆಗಳ ನಡುವೆ ಸೋಸಿ ಹೋಗತ್ತೆ, ಮನುಷ್ಯ ಹೋಗಲ್ಲ, ಅಲ್ಲೇ ಒತ್ತಿ ಹಿಡಿಯತ್ತೆ. ಈಗ ಕಾಲಿನ ಹಗ್ಗದ ವಿಷಯ. ನೀವು ನೀರಿಗೆ ಬಿದ್ದಾಗ ಬೋರ್ಡ್ ದೂರ ಹೋಗ್ಬಾರ್ದು ಅಂತ ಒಂದು ಹಗ್ಗ ಕೊಟ್ಟಿರ್ತಾರೆ, ಲೀಶ್ ಅಂತ, ಒಂದು ತುದಿ ಬೋರ್ಡಿಗೆ, ಇನ್ನೊಂದು ಪಾದದ ಗಂಟಿನ ಹತ್ರ ಕಟ್ಕೊಳ್ಳೋದು. ನಿಂತ ನೀರಲ್ಲಿ ಇದು ಜೀವ ಉಳಿಸೋ ಹಗ್ಗ, ಯಾಕಂದ್ರೆ ಬೋರ್ಡೇ ನಿಮಗಿರೋ ಅತಿ ದೊಡ್ಡ ತೇಲೋ ವಸ್ತು, ಗಾಳಿಗೆ ಅದು ನೀವು ಈಜೋದಕ್ಕಿಂತ ಜೋರಾಗಿ ಓಡತ್ತೆ. ಹರಿಯೋ ನೀರಲ್ಲಿ ಅದೇ ಹಗ್ಗ ಜೀವ ತೆಗೆಯತ್ತೆ. ಬೋರ್ಡ್ ಬಿದಿರಿನ ಆ ಕಡೆ, ನೀವು ಈ ಕಡೆ, ಹಗ್ಗ ಮಧ್ಯದಲ್ಲಿ ಸಿಕ್ಕಿ ಬಿಗೀತು ಅಂದ್ಕೊಳ್ಳಿ, ನೀರಿನ ಸೆಳೆತ ನಿಮ್ಮನ್ನ ಕೆಳಗೆ ಎಳೆದು ಮಲಗಿಸತ್ತೆ, ಬಗ್ಗಿ ಕಾಲಿನ ಪಟ್ಟಿ ಬಿಚ್ಚೋಣ ಅಂದ್ರೆ ನೀರಿನ ಎದುರಿಗೆ ಬಗ್ಗೋಕೆ ಆಗಲ್ಲ, ಎಷ್ಟೇ ಈಜು ಬಂದ್ರೂ, ಸೊಂಟ ಮಟ್ಟದ ನೀರಾದ್ರೂ. ಲೈಫ್ ಜಾಕೆಟ್ ಹಾಕಿದ್ರೂ ಕಷ್ಟ. ಹರಿಯೋ ನೀರಿಗೆ ಸೊಂಟದ ಬೆಲ್ಟಿಗೆ ಕಟ್ಟೋ ಬೇರೆ ಲೀಶ್ ಇದೆ, ಮುಂದೆ ಒಂದು ಗುಂಡು ನೇತಾಡ್ತಿರತ್ತೆ, ಅದನ್ನ ಜಗ್ಗಿದ್ರೆ ಬೆಲ್ಟೇ ಬಿಚ್ಕೊಂಡು ಹೋಗತ್ತೆ. ಎರಡೂ ಕೈಲಿ, ಕಣ್ಣು ಮುಚ್ಕೊಂಡು ಜಗ್ಗಿ ಅಭ್ಯಾಸ ಮಾಡಿರ್ಬೇಕು. ನಮ್ಮ ದಂಡೇಲಿ ಇಳಿಯೋಕೆ ಬಂದ ಹುಡುಗರನ್ನ ನಾನು ಮೊದಲು ಕೇಳೋದೇ ಇದನ್ನ, ಬಹುತೇಕ ಎಲ್ಲರ ಹತ್ರ ಇರೋದು ಕಾಲಿಂದೇ, ಬೋರ್ಡ್ ಜೊತೆ ಫ್ರೀ ಬಂದಿದ್ದು. ಅಂಗಡಿಯೋರೂ ಹೇಳಿರಲ್ಲ.

ಇನ್ನೊಂದು ಕಟ್ಟೆ. ಬೇಸಿಗೇಲಿ ಕುಡಿಯೋ ನೀರಿಗೆ ಅಂತ ಹೊಳೆಗೆ ಅಡ್ಡ ಮರಳು ಚೀಲ ಪೇರಿಸ್ತಾರೆ, ಕೆಲವು ಕಡೆ ಕಾಂಕ್ರೀಟ್ ಅಡ್ಡಗಟ್ಟೇನೇ ಇದೆ. ಮೇಲ್ಗಡೆಯಿಂದ ಬರೋನಿಗೆ ಅದು ಕಾಣೋದೇ ಇಲ್ಲ, ನೀರು ಸಮವಾಗಿ ಒಂದು ಗೆರೆ ಎಳೆದ ಹಾಗೆ ಕಾಣತ್ತೆ, ಅಷ್ಟೇ. ಹತ್ತಿರ ಬಂದು ಶಬ್ದ ಕೇಳಿದಾಗ ತಿರುಗಿಸೋಕೆ ಟೈಮ್ ಇರಲ್ಲ. ಕಟ್ಟೆ ಬುಡದಲ್ಲಿ ನೀರು ಉರುಳಿ ವಾಪಸ್ ಕಟ್ಟೆ ಕಡೆಗೇ ಸುತ್ತತ್ತೆ, ಬಿದ್ದೋನು ಅದರೊಳಗೆ ಸುತ್ತುತ್ತಾನೇ ಇರ್ತಾನೆ, ನೊರೆ ನೀರಲ್ಲಿ ಗಾಳಿ ಜಾಸ್ತಿ ಇರೋದ್ರಿಂದ ಜಾಕೆಟ್ಟೂ ಸರಿಯಾಗಿ ತೇಲಿಸಲ್ಲ. ಇದು ನಾನು ಹೆದರಿಸೋಕೆ ಹೇಳ್ತಿರೋದಲ್ಲ. 2021ರ ಅಕ್ಟೋಬರ್ 30ಕ್ಕೆ ಬ್ರಿಟನ್ನಿನ ವೇಲ್ಸಲ್ಲಿ ಹ್ಯಾವರ್‌ಫರ್ಡ್‌ವೆಸ್ಟ್ ಅನ್ನೋ ಊರಲ್ಲಿ ಒಂಬತ್ತು ಜನ ಇದೇ ಬೋರ್ಡಲ್ಲಿ ಟೂರ್ ಹೊರಟಿದ್ರು, ಮಳೆ ಬಂದು ಹೊಳೆ ತುಂಬಿತ್ತು, ಊರ ಮಧ್ಯದ ಒಂದು ಕಟ್ಟೆ ಮೇಲಿಂದ ಹೋಗಿ ನಾಲ್ಕು ಜನ ಸತ್ರು. ಅದರಲ್ಲಿ ಒಬ್ರು ಬೇರೆಯೋರನ್ನ ಉಳಿಸೋಕೆ ಅಂತ ನೀರಿಗೆ ಇಳಿದೋರು. ಆ ಟೂರ್ ನಡೆಸಿದೋರಿಗೆ 2025ರಲ್ಲಿ ಹತ್ತೂವರೆ ವರ್ಷ ಜೈಲಾಯ್ತು. ಅದೂ ಎಲ್ಲ ಕಾನೂನು, ಲೈಫ್‌ಬೋಟ್, ಹೆಲಿಕಾಪ್ಟರ್ ಇರೋ ದೇಶದಲ್ಲಿ. ನಮ್ಮಲ್ಲಿ ಅಂಥದ್ದಾದ್ರೆ ಅಗ್ನಿಶಾಮಕದೋರು ಬರೋ ತನಕ ದಂಡೆ ಮೇಲೆ ನಿಂತು ನೋಡೋದಷ್ಟೇ.

ಹಾರಂಗಿ ಹೊಳೆ ಕೂಡಿಗೆ ಹತ್ರ ಕಾವೇರಿಗೆ ಸೇರತ್ತೆ, ಡ್ಯಾಮಿಂದ ನೀರು ಬಿಟ್ರೆ ಅಲ್ಲಿ ಮಟ್ಟ ಏರೋದು ಗೊತ್ತೇ ಆಗಲ್ಲ, ಮೋಡ ಇಲ್ಲ ಮಳೆ ಇಲ್ಲ ಬಿಸಿಲು ಹೊಡೀತಿರತ್ತೆ, ಹೊಳೆ ಮಾತ್ರ ಏರ್ತಿರತ್ತೆ. ಊರಿನೋರಿಗೆ ಸೈರನ್ ಅಂದ್ರೆ ಏನು ಅಂತ ಗೊತ್ತು. ಹೊರಗಿಂದ ಬಂದು ಮಧ್ಯದ ಕಲ್ಲುಗುಡ್ಡೆ ಮೇಲೆ ಟೆಂಟ್ ಹಾಕಿ ಮಲಗಿರೋನಿಗೆ ಅದು ಯಾವ್ದೋ ಫ್ಯಾಕ್ಟರಿ ಶಿಫ್ಟ್ ಬಿಟ್ಟ ಸದ್ದು.

ಹಾಗಾದ್ರೆ ಎಲ್ಲಿ ಚೆನ್ನ? ಹಾರಂಗಿ ಹಿನ್ನೀರು. ಡ್ಯಾಮಿನ ಗೋಡೆ ಹತ್ರ ಯಾರನ್ನೂ ಬಿಡಲ್ಲ, ಅದು ಸರಿನೇ, ಆದ್ರೆ ಹಿಂದಕ್ಕೆ ಚಾಚ್ಕೊಂಡಿರೋ ಕೈಗಳಿದಾವಲ್ಲ, ನವೆಂಬರಿಂದ ಮಾರ್ಚ್ ತನಕ ಬೆಳಿಗ್ಗೆ ಹೋದ್ರೆ ನೀರು ಅಲ್ಲಾಡಲ್ಲ, ಮಂಜು ಮೇಲೆದ್ದು ಹೋಗ್ತಿರತ್ತೆ, ನೀರುಕಾಗೆ ರೆಕ್ಕೆ ಒಣಗಿಸ್ಕೊಂಡು ಕೂತಿರತ್ತೆ, ಮುಳುಗಡೆಯಾದ ಮರದ ಬೊಡ್ಡೆಗಳ ನಡುವೆ ಸದ್ದಿಲ್ಲದೆ ಹೋಗ್ಬಹುದು. ಮೋಟಾರ್ ಬೋಟಲ್ಲಿ ಈ ಸುಖ ಇಲ್ಲ. ಮೊದಲ ಸಲ ಹೋಗೋರು ಮಂಡಿಯೂರಿ ಶುರು ಮಾಡ್ಬೇಕು, ಮೊಣಕಾಲುದ್ದ ನೀರಲ್ಲಿ ಬೋರ್ಡ್ ಹತ್ತಿ, ಬೋರ್ಡ್ ಮಧ್ಯದಲ್ಲಿರೋ ಹಿಡಿಕೆಯ ಎರಡೂ ಕಡೆ ಮಂಡಿ ಇಟ್ಟು ಸ್ವಲ್ಪ ದೂರ ಹೋಗಿ ಆಮೇಲೆ ಒಂದೊಂದೇ ಪಾದ ಇಟ್ಟು ಎದ್ದೇಳೋದು. ಕಣ್ಣು ದೂರದ ದಂಡೆ ಮೇಲಿರ್ಬೇಕು, ಕಾಲು ನೋಡ್ಕೊಂಡ್ರೆ ಬೀಳ್ತೀರಿ. ಮತ್ತೆ ಪ್ಯಾಡಲ್ಲಿನ ಅಲಗು ಬಗ್ಗಿರೋದು ಮುಂದಕ್ಕೆ ಇರ್ಬೇಕು, ನೂರಕ್ಕೆ ತೊಂಬತ್ತು ಜನ ಉಲ್ಟಾ ಹಿಡ್ಕೊಂಡು ಚಮಚದಲ್ಲಿ ಮೊಗೆಯೋ ತರ ಮೊಗೀತಿರ್ತಾರೆ, ರೀಲ್ಸಲ್ಲಿ ನೋಡಿ ಬೇಕಾದ್ರೆ.

ಮಧ್ಯಾಹ್ನದ ಮೇಲೆ ಗಾಳಿ ಏಳತ್ತೆ, ಅಲ್ಲೇ ಕಷ್ಟ ಶುರು. ನಿಂತ ಮನುಷ್ಯನೇ ಹಾಯಿ ಆಗ್ಬಿಡ್ತಾನೆ, ಹೋಗುವಾಗ ಗಾಳಿ ಬೆನ್ನಿಗಿದ್ರೆ ಹತ್ತು ನಿಮಿಷದಲ್ಲಿ ಎಲ್ಲೋ ತಲುಪಿರ್ತೀರಿ, ವಾಪಸ್ ಬರೋಕೆ ಒಂದು ಗಂಟೆ ಆದ್ರೂ ಆಗಲ್ಲ. ಅದಕ್ಕೆ ಹೋಗುವಾಗ್ಲೇ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಗಾಳಿನೇ ಮನೆಗೆ ತರ್ಲಿ. ಆಗ್ಲೇ ಇಲ್ಲ ಅಂದ್ರೆ ಮಂಡಿಯೂರಿ, ಅದೂ ಆಗ್ಲಿಲ್ಲ ಅಂದ್ರೆ ಹೊಟ್ಟೆ ಮೇಲೆ ಮಲಗಿ ಕೈಲಿ ಈಜ್ಕೊಂಡು ಬನ್ನಿ, ಬೋರ್ಡ್ ಮಾತ್ರ ಬಿಡ್ಬೇಡಿ.

ತೋಟದ ಕೆರೇಲಿ ಕಲಿತೀವಿ ಅನ್ನೋರಿದಾರೆ. ಹೌದು, ನಮ್ಮಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸೋಕೆ ಪ್ರತಿ ತೋಟದಲ್ಲೂ ಒಂದು ಕೆರೆ ಇರತ್ತೆ, ಯಾರೂ ನೋಡಲ್ಲ, ನಾಚಿಕೆ ಇಲ್ದೆ ಬೀಳ್ಬಹುದು. ಆದ್ರೆ ಜೆಸಿಬಿಲಿ ತೋಡಿದ ಕೆರೆಗೆ ಮೆಟ್ಟಿಲಿಲ್ಲ, ಅಂಚು ಕಡಿದಾಗಿ ಜಾರ್ತಿರತ್ತೆ, ಈಜು ಬರೋನೂ ಮೇಲೆ ಹತ್ತೋಕಾಗದೆ ಸುಸ್ತಾಗ್ತಾನೆ. ಒಂದು ಗಟ್ಟಿ ಹಗ್ಗ ಮರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಿ, ಮೋಟಾರ್ ಓಡ್ತಿರುವಾಗ ನೀರು ಎಳೆಯೋ ಪೈಪಿನ ಬಾಯಿ, ಅಂದ್ರೆ ಫುಟ್‌ವಾಲ್ವ್ ಹತ್ರ ಹೋಗ್ಬೇಡಿ, ಫೆಬ್ರವರಿ ಮಾರ್ಚಲ್ಲಿ ಓನರ್ ಹತ್ರ ಕೇಳೋಕೂ ಹೋಗ್ಬೇಡಿ, ಆ ಟೈಮಲ್ಲಿ ನಮಗೆ ನೀರು ಅಂದ್ರೆ ತಲೆ ಕೆಟ್ಟಿರತ್ತೆ. ನಿಜವಾಗಿ ಕಲೀಬೇಕು ಅಂದ್ರೆ ಘಾಟಿ ಇಳಿದು ಮೂಲ್ಕಿ ಕಡೆ ಹೋಗಿ. ಸಂಪಾಜೆ, ಸುಳ್ಯ, ಪುತ್ತೂರು ದಾಟಿದ್ರೆ ಅರ್ಧ ದಿನದ ದಾರಿ. ಶಾಂಭವಿ ಹೊಳೆ ಅಳಿವೆ ಹತ್ರ ಕಲಿಸೋರಿದಾರೆ, ಪಕ್ಕದ ಸಸಿಹಿತ್ಲು ಬೀಚಲ್ಲಿ 2024ರಲ್ಲಿ ಹೊರದೇಶದೋರೂ ಬಂದು ಪ್ಯಾಡಲ್ ಸ್ಪರ್ಧೆನೇ ಆಯ್ತು. ನಮ್ಮ ಕೊಡಗಿನ ಹುಡುಗರು ಹಾಕಿಲಿ ಹೆಸರು ಮಾಡಿದೋರು, ಇದನ್ನೂ ಯಾಕೆ ಮಾಡ್ಬಾರ್ದು ಅಂತ ನಂಗೊಂದು ಆಸೆ ಇದೆ, ಅದಿರ್ಲಿ.

ಬೋರ್ಡ್ ತಗೊಂಡು ಓಡಾಡೋದರ ಬಗ್ಗೆ ನಂಗೆ ಬಹಳ ಜನ ಕೇಳ್ತಾರೆ, ಅದನ್ನೂ ಬರೀತೀನಿ. ಬರೀ ಬೋರ್ಡೇ 8ರಿಂದ 11 ಕೆಜಿ, ಪಂಪು, ಮೂರು ತುಂಡಿನ ಪ್ಯಾಡಲ್ಲು, ಜಾಕೆಟ್ ಎಲ್ಲ ಸೇರಿ 15 ಕೆಜಿ ಹತ್ರ ಬರತ್ತೆ. ಬಸ್ಸಲ್ಲಿ ಡಿಕ್ಕಿಗೆ ಹಾಕಿ, ಮೇಲೆ ಮೂಟೆ ಬೀಳದ ಹಾಗೆ ಕಂಡಕ್ಟರಣ್ಣನಿಗೆ ಒಂದು ಮಾತು ಹೇಳಿದ್ರೆ ಆಯ್ತು. ವಿಮಾನದಲ್ಲಿ ದೇಶದೊಳಗೆ ಸಾಮಾನ್ಯವಾಗಿ 15 ಕೆಜಿ ಚೆಕ್‌ಇನ್ ಬ್ಯಾಗೇಜು, ಅಂದ್ರೆ ಬಟ್ಟೆಯೆಲ್ಲ ಕೈಬ್ಯಾಗಲ್ಲಿ ಬರ್ಬೇಕು, ಬ್ಯಾಟರಿ ಇರೋ ಪಂಪಾದ್ರೆ ಲಿಥಿಯಂ ಬ್ಯಾಟರಿ ಬಿಚ್ಚಿ ಜೊತೆಲಿ ಇಟ್ಕೋಬೇಕು, ಲಗೇಜಿಗೆ ಹಾಕಿದ್ರೆ ತೆಗೆಸ್ತಾರೆ. ಕೈಪಂಪಲ್ಲಿ ಹತ್ತು ನಿಮಿಷ, ಮೊದಲರ್ಧ ಸಲೀಸು, ಕೊನೆಯ ನಾಲ್ಕೈದು ಪಿಎಸ್‌ಐಗೆ ಬೆವರು ಇಳಿಯತ್ತೆ, ಅಲ್ಲೇ ಎಲ್ಲರೂ ಸಾಕು ಅಂತ ಬಿಡೋದು, ಆಮೇಲೆ ಬೋರ್ಡ್ ಮಧ್ಯದಲ್ಲಿ ಬಾಳೆ ದಿಂಡಿನ ತರ ಬಗ್ಗತ್ತೆ, ಬೋರ್ಡ್ ಸರಿ ಇಲ್ಲ ಅಂತ ಬೈತಾರೆ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕೋ ಪಂಪ್ ತಗೊಂಡ್ರೆ ಎಂಜಿನ್ ಆನ್ ಇಟ್ಕೊಳ್ಳಿ, ಇಲ್ಲಾಂದ್ರೆ ಸಂಜೆ ಕಾಡಂಚಲ್ಲಿ ಬ್ಯಾಟರಿ ಡೌನ್ ಆಗಿ ತಳ್ಳೋಕೆ ಜನ ಹುಡುಕ್ಬೇಕು.

ಗಾಳಿ ತುಂಬಿದ ಬೋರ್ಡನ್ನ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗೋದು ಇನ್ನೊಂದು ಹುಚ್ಚು. ಒಳಗಿನ ಗಾಳಿ 10 ಡಿಗ್ರಿ ಬಿಸಿ ಏರಿದ್ರೆ ಒತ್ತಡ ಒಂದು ಪಿಎಸ್‌ಐ ಹತ್ರ ಏರತ್ತೆ, ನೀರಲ್ಲಿದ್ದಾಗ ನೀರೇ ತಂಪು ಮಾಡ್ತಿರತ್ತೆ, ಕಾರಿನ ಮೇಲೆ ಕಟ್ಟಿ ಬಿಸಿಲಲ್ಲಿ ನಿಲ್ಸಿದ್ರೆ ಅಂಚಿನ ಜೋಡಣೆ ಬಿಟ್ಕೊಳ್ಬಹುದು. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಇರೋ ಅಂತರ ನಿಮಗೆ ಗೊತ್ತಿರೋದೇ. ದಂಡೆಗೆ ಬಂದ ತಕ್ಷಣ ನೆರಳಿಗೆ ಎಳೀರಿ, ಸ್ವಲ್ಪ ಗಾಳಿ ಬಿಡಿ, ಬೆಳಿಗ್ಗೆ ಮತ್ತೆ ನೋಡಿ ತುಂಬಿ.

ಕ್ಯಾಂಪಿಂಗ್ ಬಗ್ಗೆ. ಟೆಂಟು, ಹೊದಿಕೆ, ಅಕ್ಕಿ, ಪಾತ್ರೆ ಎಲ್ಲ ನೀರು ಒಳಗೆ ಹೋಗದ ಡ್ರೈ ಬ್ಯಾಗಿಗೆ ಹಾಕಿ, ಬಾಯಿ ಮೂರು ಸುತ್ತು ಸುತ್ತಿ, ಬೋರ್ಡ್ ಮುಂದಿನ ಎಲಾಸ್ಟಿಕ್ ಹಗ್ಗಕ್ಕೆ ಸಿಗಿಸ್ಬೇಕು. ಎಲ್ಲ ಭಾರ ಮುಂದೆನೇ ಹೇರಿದ್ರೆ ಮೂತಿ ನೀರೊಳಗೆ ಹೋಗತ್ತೆ, ಭಾರ ಇರೋದು ಕಾಲ ಹತ್ರ, ಹಗುರ ಇರೋದು ತುದೀಲಿ. ಬೋರ್ಡ್ ಎಷ್ಟು ಭಾರ ತಡೆಯತ್ತೆ ಅಂತ ಅದರ ಮೇಲೇ ಬರೆದಿರತ್ತೆ, ಆ ಲೆಕ್ಕದಲ್ಲಿ ನಿಮ್ಮ ತೂಕನೂ ಸೇರಿದೆ ಅಂತ ಮರೀಬೇಡಿ. ರಾತ್ರಿ ಬೋರ್ಡನ್ನೇ ಹಾಸಿಗೆ ಮಾಡ್ಕೋಬಹುದು, ಮುಕ್ಕಾಲು ಗಾಳಿ ಬಿಟ್ರೆ ಮೆತ್ತಗಾಗತ್ತೆ, ನೆಲದ ಥಂಡಿ ಹತ್ತಲ್ಲ, ಫಿನ್ ಮೊದಲು ಬಿಚ್ಚಿ. ಅಡುಗೆ ಮಾತ್ರ ಅದರ ಮೇಲೆ ಬೇಡ, ಬೆಂಕಿ ಹತ್ರನೂ ಬೇಡ, ಪಿವಿಸಿ ಬಟ್ಟೆಗೆ ಒಂದು ಕಿಡಿ ಸಾಕು.

ಆದ್ರೆ ಎಲ್ಲಿ ಮಲಗೋದು? ಇದಕ್ಕೆ ಬೋರ್ಡಿಗಿಂತ ದೊಡ್ಡ ಉತ್ತರ ಬೇಕು. ಹಾರಂಗಿ ಹಿನ್ನೀರಿನ ಸುತ್ತ, ದುಬಾರೆ ಕಡೆ, ಮಾಲ್ದಾರೆ ಕಡೆ, ಎಲ್ಲ ಆನೆ ದಾರಿ. ಸಂಜೆ ಆದ್ಮೇಲೆ ನೀರಿಗೆ ಬರತ್ತೆ, ಈಜಿ ಆ ದಡಕ್ಕೂ ಹೋಗತ್ತೆ, ನೀರಂಚಲ್ಲಿ ಬಟಾಬಯಲು ಮಟ್ಟಸ ಜಾಗ ಸಿಕ್ತು ಅಂತ ಖುಷಿಪಟ್ಟು ಟೆಂಟ್ ಹೊಡೀತಾರೆ, ಆ ಜಾಗ ಮಟ್ಟಸ ಆಗಿರೋದೇ ಆನೆ ಓಡಾಡಿ. ಲದ್ದಿ ಇದ್ರೆ, ದಂಡೆ ಕುಸಿದು ಅಗಲದ ಇಳಿಜಾರು ಇದ್ರೆ, ಮರದ ಕಾಂಡಕ್ಕೆ ಎತ್ತರದಲ್ಲಿ ಕೆಸರು ಉಜ್ಜಿದ್ರೆ, ಆ ಜಾಗ ನಿಮ್ಮದಲ್ಲ. ತೋಟದಲ್ಲಿ ಕೆಲಸ ಮಾಡೋರೇ ಬೆಳಗಿನ ಜಾವ ಆನೆ ಕಾಲಿಗೆ ಸಿಕ್ಕಿ ಸಾಯ್ತಿರೋ ಜಿಲ್ಲೆ ಇದು. ಕಾಡೊಳಗೆ ಅನುಮತಿ ಇಲ್ಲದೆ ಹೋಗಿ ಉಳಿಯೋದು ಅಪರಾಧನೂ ಹೌದು. ಹೊಳೆ ಪಕ್ಕ ತೋಟ ಇರೋ ಹೋಂಸ್ಟೇ ಅಂಗಳದಲ್ಲಿ ಟೆಂಟ್ ಹಾಕ್ಕೊಳ್ಳಿ, ಮನೆಯೋರು ಇರ್ತಾರೆ, ಲೈಟ್ ಇರತ್ತೆ, ಬೆಳಿಗ್ಗೆ ಕಡಂಬುಟ್ಟು ಸಿಗತ್ತೆ. ಇದರಲ್ಲಿ ನಂಗೆ ಲಾಭ ಇದೆ ಅಂತ ನೀವು ಅಂದ್ರೆ ಇದೆ, ಇಲ್ಲ ಅನ್ನಲ್ಲ, ಆದ್ರೂ ಮಾತು ಸರಿಯಾದದ್ದೇ.

ಭಾಗಮಂಡಲದ ಸಂಗಮದಲ್ಲಿ ದಯವಿಟ್ಟು ಬೋರ್ಡ್ ಇಳಿಸ್ಬೇಡಿ. ಜನ ಅಲ್ಲಿ ಪಿಂಡ ಇಡೋಕೆ ಬರ್ತಾರೆ, ಮನೆಯೋರನ್ನ ಕಳ್ಕೊಂಡು ಬಂದಿರ್ತಾರೆ, ನೀವು ಚಡ್ಡಿ ಹಾಕ್ಕೊಂಡು ಹಾಡು ಹಾಕ್ಕೊಂಡು ತೇಲೋದು ನೋಡೋಕೆ ಅಲ್ಲ. ತುಲಾ ಸಂಕ್ರಮಣದ ದಿನಗಳಲ್ಲಂತೂ ಹೊಳೆ ಕಡೆ ತಲೆನೇ ಹಾಕ್ಬೇಡಿ. ವಾಲ್ನೂರು ಕಡೆ ಮಹಸೀರ್ ಮೀನು ಕಾಪಾಡ್ಕೊಂಡು ಬಂದಿರೋ ಮಡುಗಳಿದಾವೆ, ಅಲ್ಲೂ ಗಲಾಟೆ ಬೇಡ.

ಒಂದು ವಿಷಯ ಬೋರ್ಡ್ ಇರೋರಿಗೂ ಹೊಳೆಯಲ್ಲ. ಒಂದು ಕೆರೇಲಿ ಆಡಿ ಹಾಗೇ ಸುತ್ಕೊಂಡು ಇನ್ನೊಂದು ಕೆರೆಗೆ ಬರ್ತೀರಲ್ಲ, ಫಿನ್ ಸಂದೀಲಿ, ಲೀಶ್ ಸುರುಳೀಲಿ ಜಲಕಳೆ ಚೂರು ಅಂಟ್ಕೊಂಡು ಬರತ್ತೆ. ಬೆಂಗಳೂರಿನ ಕೆರೆಗಳಲ್ಲಿ ನೇರಳೆ ಹೂವು ಬಿಟ್ಕೊಂಡು ಹರಡಿರೋದು ನೋಡಿದೀರಲ್ಲ, ಅದರ ಒಂದು ಗೆಣ್ಣು ಸಾಕು. ತೊಳೆದು ಪೂರ್ತಿ ಒಣಗಿಸಿ ತನ್ನಿ. ಒಣಗಿಸೋದು ಬೋರ್ಡಿಗೂ ಒಳ್ಳೇದು, ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯತ್ತೆ, ಒದ್ದೆ ಬೋರ್ಡ್ ಸುತ್ತಿಟ್ರೆ ಕೇಳ್ಬೇಕಾ. ಅಟ್ಟದಲ್ಲಿ ಇಡ್ಬೇಡಿ, ಇಲಿ. ತೂತಾದ್ರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ತ್ಯಾಪೆ ಹಾಕಿ ಒಂದು ಇಡೀ ದಿನ ಗಾಳಿ ತುಂಬದೆ ಬಿಡಿ, ಜುಲೈಲಿ ಅಂಟು ಒಣಗೋದೇ ಇಲ್ಲ, ಹಾಗಾಗಿ ರಿಪೇರಿ ಎಲ್ಲ ಬೇಸಿಗೇಲೇ. ತೂತಿಗಿಂತ ವಾಲ್ವ್ ಸಡಿಲ ಆಗಿ ಗಾಳಿ ಹೋಗೋದೇ ಜಾಸ್ತಿ, ಬೋರ್ಡ್ ಜೊತೆ ಬರೋ ಪ್ಲಾಸ್ಟಿಕ್ ಸ್ಪ್ಯಾನರ್ ಇದಕ್ಕೇ ಕೊಟ್ಟಿರೋದು, ಎಲ್ಲರೂ ಎಸೀತಾರೆ.

ನನ್ನ ಜೊತೆ ಹೋಂಸ್ಟೇ ನಡೆಸೋ ಅಣ್ಣಂದಿರಿಗೂ ಅಕ್ಕಂದಿರಿಗೂ ಒಂದು ಮಾತು, ಸಿಟ್ಟಾಗ್ಬೇಡಿ. ಎರಡು ಬೋರ್ಡ್ ತಂದು ಹೊಳೇಲಿ ಬಿಟ್ಟು, ಜಾಕೆಟ್ ಇಲ್ಲದ ಹುಡುಗಿ ಸೂರ್ಯೋದಯಕ್ಕೆ ನಿಂತಿರೋ ರೀಲ್ ಹಾಕಿ ಬುಕಿಂಗ್ ಹಿಡಿಯೋದು ಶುರುವಾಗಿದೆ. ಜಾಕೆಟ್ ಹಾಕಿದ್ರೆ ಫೋಟೋ ಚೆನ್ನಾಗಿ ಬರಲ್ಲ ಅಂತಾರೆ. 50 ನ್ಯೂಟನ್ ತೇಲೋ ಶಕ್ತಿ ಇರೋ, ತೋಳಿನ ಹತ್ರ ಅಗಲ ಬಿಟ್ಟಿರೋ ಪ್ಯಾಡಲಿಂಗ್ ಜಾಕೆಟ್ ಸಿಗತ್ತೆ, ಅದರಲ್ಲಿ ಕೈ ಆಡತ್ತೆ, ಫೋಟೋನೂ ಪರವಾಗಿಲ್ಲ. ಗೆಸ್ಟಿಗೆ ಕೊಡೋಕೆ ಮುಂಚೆ ಈಜು ಬರತ್ತಾ ಕೇಳಿ, ಕುಡಿದಿದಾರಾ ನೋಡಿ. ಇಷ್ಟು ಕೇಳೋಕೆ, ನೋಡೋಕೆ ಯಾವ ಲೈಸೆನ್ಸೂ ಬೇಕಾಗಿಲ್ಲ.

ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ, ನೀರಾವರಿ ನಿಗಮಕ್ಕೆ ನಾನು ಕೇಳೋದು ದೊಡ್ಡದೇನಲ್ಲ. ಹಾರಂಗಿ ಹಿನ್ನೀರಲ್ಲಿ ಆನೆ ದಾರಿ ಬಿಟ್ಟು ಒಂದೆರಡು ಕಡೆ, ಸಾಧ್ಯ ಆದ್ರೆ ಚಿಕ್ಲಿಹೊಳೆ ಜಲಾಶಯದಲ್ಲಿ ಒಂದು ಕಡೆ ಇಳಿಯೋ ಜಾಗ ಗುರುತು ಮಾಡಿ, ನವೆಂಬರಿಂದ ಮೇ ತನಕ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮಾತ್ರ ಬಿಡಿ. ಪಂಚಾಯ್ತಿಯಿಂದ ಒಬ್ಬ ಹುಡುಗನ್ನ ಕೂರಿಸಿ ಹೆಸರು, ಫೋನ್ ನಂಬರ್ ಬರೆಸ್ಕೊಂಡು ಹಣ ತಗೊಳ್ಳಿ, ಅದೇ ಹಣದಲ್ಲಿ ಅವನ ಸಂಬಳ ಆಗತ್ತೆ, ಎಸೆಯೋ ಹಗ್ಗ ಒಂದು, ಬಾಡಿಗೆ ಜಾಕೆಟ್ ಹತ್ತು ಇಟ್ರೆ ಸಾಕು. ಹೊಳೆಗೆ ಅಡ್ಡ ಕಟ್ಟೆ ಇರೋ ಕಡೆಯೆಲ್ಲ ಮೇಲ್ಗಡೆ ಇನ್ನೂರು ಮೀಟರ್ ಮುಂಚೆನೇ ದಂಡೆ ಮೇಲೆ ಕೆಂಪು ಫಲಕ ಹಾಕಿ, ಕನ್ನಡದಲ್ಲೂ ಇಂಗ್ಲಿಷಲ್ಲೂ, ನೀರಿನ ಕಡೆ ಮುಖ ಮಾಡಿ. ಈಗಿರೋ ಎಚ್ಚರಿಕೆ ಫಲಕಗಳೆಲ್ಲ ರಸ್ತೆ ಕಡೆ ಮುಖ ಮಾಡ್ಕೊಂಡಿವೆ, ಹೊಳೇಲಿ ಬರೋನಿಗೆ ಕಾಣೋದು ಅದರ ಹಿಂದಿನ ತಗಡು ಮಾತ್ರ. ಮಿಕ್ಕ ಮಳೆಗಾಲದ ತಿಂಗಳಲ್ಲಿ ಎಲ್ಲ ಬಂದ್, ಅದರಲ್ಲಿ ನಾನು ಆ ಹಿರಿಯರ ಪಕ್ಷವೇ. ಬಾಟ್ಲಿ ಒಡೆಯೋರಿಗೆ, ಸ್ಪೀಕರ್ ಹಾಕೋರಿಗೆ ದಂಡ ಹಾಕಿ, ಬೋರ್ಡಲ್ಲಿ ಬಂದ್ರೂ ಅಷ್ಟೇ ಥಾರಲ್ಲಿ ಬಂದ್ರೂ ಅಷ್ಟೇ.

ನಿಮಗೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ದಿನಾ ಹಾರಂಗಿ ಜಲಾಶಯದ ಮಟ್ಟ ಹಾಕ್ತೀರಿ, ಗರಿಷ್ಠ 2859 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು ಅಂತ. ಡಿಸೆಂಬರ್ ಬಂತು ಅಂದ್ರೆ ಆ ಬಾಕ್ಸ್ ನಿಲ್ಲಿಸ್ತೀರಿ. ಅದನ್ನ ಬೇಸಿಗೇಲೂ ಮುಂದುವರಿಸಿ, ನದಿಗೆ ಇವತ್ತು ನೀರು ಬಿಡ್ತಾರಾ, ಯಾವ ಹೊತ್ತಿಗೆ ಬಿಡ್ತಾರೆ ಅನ್ನೋ ಒಂದು ಸಾಲು ಸೇರಿಸಿ. ನಾನು ಕತ್ತರಿಸಿ ನಮ್ಮ ದಂಡೆ ಗೇಟಿಗೆ ಅಂಟಿಸ್ತೀನಿ.

ಇತಿ,
ಕಾವೇರಿ ದಂಡೆಯ ಒಬ್ಬ ಓದುಗ
ಸಿದ್ದಾಪುರ, ಕೊಡಗು